ಬಾಗಿಲ ಹಿಂದಿನ ಮೂರು ಕೊಕ್ಕೆ

ನನ್ನ ಮೂಗು ಸತ್ತು ಎರಡು ವರ್ಷವಾಗಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕೆಲಸದ ಜಾಗದಲ್ಲಂತೂ ಕೇಳಲೇಬೇಡಿ.

ಒಂದೇ ದಿನಕ್ಕೆ ಸತ್ತದ್ದಲ್ಲ. ಹದಿನಾಲ್ಕು ವರ್ಷ ಅಮೋನಿಯಾದ ಜೊತೆ ಸಂಸಾರ ಮಾಡಿದ ಮೂಗು ಅದು. ಮೀನು ತುಂಬಿಡುವ ಕೋಲ್ಡ್ ಸ್ಟೋರೇಜಿನಲ್ಲಿ ನಾನು ಕಂಪ್ರೆಸರ್ ಆಪರೇಟರು. ಆ ದೊಡ್ಡ ಕೋಣೆಗಳನ್ನು ತಣ್ಣಗಿಡುವುದು ಪೈಪುಗಳಲ್ಲಿ ಸುತ್ತುವ ಅಮೋನಿಯಾ. ಪೈಪಿನ ಒಳಗಿರುವ ತನಕ ಅದು ನಮ್ಮ ಆಳು. ಹೊರಗೆ ಬಂತೋ, ಮೊದಲು ಕಣ್ಣು ಹಿಡಿಯುತ್ತದೆ, ಆಮೇಲೆ ಗಂಟಲು, ಆಮೇಲೆ ಉಸಿರು. ಗೇಜಿನ ಮುಳ್ಳು ಅಲುಗುವ ಮೊದಲೇ ಒಳ್ಳೆಯ ಆಪರೇಟರಿನ ಮೂಗಿಗೆ ಸುದ್ದಿ ಮುಟ್ಟಿರುತ್ತದೆ. ನಮಗೆ ಸಂಬಳ ಕೊಡುವುದು ಕೈಗಲ್ಲ, ಮೂಗಿಗೆ. ಮೂಗು ಹೋಯಿತೆಂದು ತಿಳಿದರೆ ಆ ಸಂಜೆಯೇ ಲೆಕ್ಕ ಚುಕ್ತಾ.

ಹಾಗಾಗಿ ನಾನು ಎರಡು ಉಪಾಯ ಮಾಡಿಕೊಂಡಿದ್ದೆ.

ಒಂದು, ಗಂಧಕದ ಕಡ್ಡಿ. ಬೆರಳುದ್ದದ ಬತ್ತಿಗೆ ಗಂಧಕ ಮೆತ್ತಿರುತ್ತಾರೆ. ಹಚ್ಚಿ ಪೈಪಿನ ಜಾಯಿಂಟಿನ ಹತ್ತಿರ ಹಿಡಿಯಬೇಕು. ಸೋರಿಕೆ ಇಲ್ಲದಿದ್ದರೆ ಸಣ್ಣ ನೀಲಿ ಉರಿ, ಅಷ್ಟೆ. ಇದ್ದರೆ ದಟ್ಟವಾಗಿ ಬಿಳಿ ಹೊಗೆ ಏಳುತ್ತದೆ. ಬೇರೆಯವರು ವಾರಕ್ಕೊಮ್ಮೆ ಹಚ್ಚುತ್ತಿದ್ದರೆ ನಾನು ಗಂಟೆಗೊಮ್ಮೆ ಹಚ್ಚುತ್ತಿದ್ದೆ. "ಏನಪ್ಪಾ, ಪೈಪಿಗೂ ಸಿಗರೇಟು ಚಟ ಹಿಡಿಸಿದೀಯಲ್ಲ!" ಎಂದು ವೆಲ್ಡರು ನಗುತ್ತಿದ್ದ. ನಾನೂ ನಗುತ್ತಿದ್ದೆ. ಬೆನ್ನಲ್ಲಿ ಬೆವರು ಇಳಿಯುತ್ತಿತ್ತು.

ಇನ್ನೊಂದು ಉಪಾಯ, ನನ್ನ ಮಗಳು.

ಪುಟ್ಟಿಗೆ ಏಳು ವರ್ಷ. ಕೆಲಸ ಮುಗಿಸಿ ಬಂದವನೇ ಹೊಸ್ತಿಲಲ್ಲಿ ಮಂಡಿಯೂರಿ, "ಇವತ್ತು ಅಪ್ಪ ಎಷ್ಟು?" ಎನ್ನುತ್ತಿದ್ದೆ. ಅವಳು ನನ್ನ ಅಂಗಿಗೆ ಮೂಗು ಹಚ್ಚಿ ಹತ್ತಕ್ಕೆ ಇಷ್ಟೆಂದು ಅಂಕ ಕೊಡುತ್ತಿದ್ದಳು. "ಇವತ್ತು ಮೂರು." "ಇವತ್ತು ನಾಲ್ಕೂವರೆ." ಒಂದೊಂದು ದಿನ, "ಥೂ, ಏಳು! ಹೋಗಿ ಸ್ನಾನ ಮಾಡು!" ಏಳು ಬಂದ ಮರುದಿನ ನಾನು ಬೇಗ ಹೋಗಿ ಒಂದೊಂದೇ ಜಾಯಿಂಟು ಹುಡುಕುತ್ತಿದ್ದೆ. ಎರಡು ಸಲ ಸೋರಿಕೆ ಸಿಕ್ಕಿತ್ತು ಕೂಡ. ಧಣಿಗಳು ಬೆನ್ನು ತಟ್ಟಿದ್ದರು. ಅಷ್ಟು ದೊಡ್ಡ ಪ್ಲಾಂಟು ಒಂದು ಮಗುವಿನ ಮೂಗಿನ ಮೇಲೆ ನಿಂತಿದೆ ಎಂದು ಯಾರಿಗೆ ಗೊತ್ತಿತ್ತು?

ಹೀಗಿರುವಾಗ ಬೇರೆ ನಗರದ ದೊಡ್ಡ ಪ್ಲಾಂಟಿನಿಂದ ಕಾಗದ ಬಂತು. ಸಂಬಳ ಈಗಿನದರ ಎರಡರಷ್ಟು. ಆವರಣದ ಒಳಗೇ ಬಾಡಿಗೆಯಿಲ್ಲದ ಕ್ವಾರ್ಟರ್ಸು, ಕಂಪ್ರೆಸರ್ ರೂಮಿಗೆ ಅಂಟಿಕೊಂಡೇ. ಷರತ್ತು ಒಂದೇ. ಕುಟುಂಬ ಸಮೇತ ಬಂದು ನೆಲೆಸಬೇಕು. ಮನೆ ನೋಡಲು ಕೂಡ ಹೆಂಡತಿ ಮಕ್ಕಳ ಜೊತೆಯೇ ಬರಬೇಕು. ಒಂಟಿಯಾಗಿ ಬರುವವರಿಗೆ ಕೆಲಸವಿಲ್ಲ.

ಹೆಂಡತಿ ಆಗ ಶಾಲೆ ಚೀಲಗಳಿಗೆ ಜಿಪ್ಪು ಹೊಲಿಯುತ್ತ ಕೂತಿದ್ದಳು. ಒಂದು ಚೀಲಕ್ಕೆ ಇಷ್ಟೆಂದು ಅವಳ ಕೂಲಿ. ಮಷಿನ್ನು ನಿಲ್ಲಿಸಿ ಕಾಗದವನ್ನು ಎರಡು ಸಲ ಓದಿದಳು.

"ರೀ, ಯಾರ್ರೀ ಸುಮ್‌ಸುಮ್ನೆ ಎರಡರಷ್ಟು ಕೊಡ್ತಾರೆ?"

"ದೊಡ್ಡ ಪ್ಲಾಂಟು ಕಣೇ."

"ದೊಡ್ಡ ಪ್ಲಾಂಟಿನೋರಿಗೆ ದೊಡ್ಡ ಮನಸ್ಸಿರುತ್ತಾ? ನಿಮ್ಮ ಧಣಿ ಒಂದು ಜೊತೆ ಕೈಗವಸಿಗೆ ಎರಡು ತಿಂಗಳು ಅಲೆಸಿದ್ದು ಮರೆತುಹೋಯ್ತಾ?"

"ಕುಟುಂಬ ಬೇಕು ಅಂತಿದ್ದಾರಲ್ಲ, ಒಳ್ಳೇ ಜನ ಇರ್ಬೇಕು."

"ಅಲ್ಲಿ ನಮಗೆ ಯಾರಿದ್ದಾರೆ? ಜ್ವರ ಬಂದು ಮಲಗಿದ್ರೆ ಒಂದು ಲೋಟ ಬಿಸಿನೀರು ಕೊಡೋರು ಬೇಡ್ವಾ?" ಎಂದಳು. ಚೀಲದ ದಾರ ಕತ್ತರಿಸುತ್ತ, "ಅಲ್ಲಿ ನಲ್ಲಿ ಮನೆಯೊಳಗೇ ಇರುತ್ತಾ?" ಎಂದು ಕೇಳಿದಳು. ಮೂರನೇ ಮಹಡಿಗೆ ದಿನಕ್ಕೆ ಎಂಟು ಕೊಡ ನೀರು ಹೊತ್ತು ಅವಳ ಮಂಡಿ ಹೋಗಿತ್ತು. ಹೆದರಿಕೆಯ ಬೆನ್ನಿಗೇ ಆಸೆಯೂ ಬಂದದ್ದು ನೋಡಿ ನನಗೆ ಸಂಕಟವಾಯಿತು.

ನನ್ನ ಆಸೆ ಬೇರೆಯೇ ಇತ್ತು. ಅದನ್ನು ಅವಳಿಗೆ ಹೇಳಲಿಲ್ಲ. ಕಾಗದದಲ್ಲಿ 'ಕಂಪ್ರೆಸರ್ ರೂಮಿಗೆ ಅಂಟಿಕೊಂಡೇ' ಎಂಬ ಮಾತು ಓದಿದ ಕೂಡಲೇ ನನ್ನ ಎದೆ ಹಗುರಾಗಿತ್ತು. ಇಲ್ಲಿ ಮಗಳ ಅಂಕಕ್ಕಾಗಿ ಸಂಜೆಯ ತನಕ ಜೀವ ಹಿಡಿದುಕೊಂಡು ಕಾಯಬೇಕು. ಅಲ್ಲಿ ಇಡೀ ದಿನ ಇಬ್ಬರೂ ಗೋಡೆಯ ಆಚೆಗೇ ಇರುತ್ತಾರೆ. ಒಂಚೂರು ಸೋರಿದರೂ ಒಬ್ಬಳು ಕೂಗುತ್ತಾಳೆ, ಇನ್ನೊಬ್ಬಳು ಕೆಮ್ಮುತ್ತಾಳೆ. ನನ್ನ ಗುಟ್ಟು ಬಯಲಾಗುವುದಿಲ್ಲ. ನಾನು ಯೋಚಿಸಿದ್ದು ಇದನ್ನೇ, ಇಷ್ಟೇ ಸಲೀಸಾಗಿ.

ಮನೆ ನೋಡಲು ಹೊರಡುವ ದಿನ ಭಾವಮೈದ ತನ್ನ ಹೊಸ ಅಂಗಿ ತಂದುಕೊಟ್ಟ. ಅವನು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿರುವವನು. "ಭಾವ, ಇನ್ನೂ ಮಡಿಕೆ ಬಿಚ್ಚಿಲ್ಲ. ಕಲೆ ಗಿಲೆ ಮಾಡ್ಕೊಂಡು ಬಂದ್ರೆ ಅಕ್ಕನ್ನ ಇಲ್ಲೇ ಇಟ್ಕೋತೀನಿ, ನೀವೊಬ್ರೇ ಹೋಗಿ," ಎಂದ. "ಒಬ್ಬರೇ ಹೋದ್ರೆ ಕೆಲಸ ಇಲ್ವಂತೆ ಕಣೋ, ನಾನೇ ಇವರ ಸರ್ಟಿಫಿಕೇಟು," ಎಂದು ಹೆಂಡತಿ ನಕ್ಕಳು.

ಹೊಸ ನಗರದ ಪ್ಲಾಂಟಿನ ಗೋಡೆ ರಸ್ತೆಯ ಉದ್ದಕ್ಕೂ ಇತ್ತು. ಗೇಟಿನ ಒಳಗೆ ಕಲ್ಲುಬೆಂಚು, ವಾಚ್‌ಮನ್ನನ ಗೂಡು. ಮ್ಯಾನೇಜರು ತಾವೇ ಎದುರು ಬಂದರು. ಮೆತ್ತಗೆ ಮಾತಾಡುವ ಮನುಷ್ಯ. ಪುಟ್ಟಿಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು, "ಎಷ್ಟನೇ ಕ್ಲಾಸಮ್ಮಾ?" ಎಂದರು. ಹೆಂಡತಿಗೆ ನಮಸ್ಕಾರ ಮಾಡಿದರು. ನನ್ನ ಕಾಗದಪತ್ರಗಳನ್ನು ಮಾತ್ರ ತೆರೆದೂ ನೋಡಲಿಲ್ಲ. ಹದಿನಾಲ್ಕು ವರ್ಷದ ಅನುಭವದ ಪತ್ರವನ್ನು ಕಂಕುಳಲ್ಲೇ ಇಟ್ಟುಕೊಂಡು ನಡೆದೆ.

ಕ್ವಾರ್ಟರ್ಸು ಚೆನ್ನಾಗಿಯೇ ಇತ್ತು. ಎರಡು ಕೋಣೆ, ಅಡುಗೆಮನೆ, ತಿಳಿಹಸಿರು ಪೇಂಟು, ಅದು ಇನ್ನೂ ಬೆರಳಿಗೆ ಅಂಟುವಂತಿತ್ತು. ಹೆಂಡತಿ ಮೊದಲು ನಲ್ಲಿ ತಿರುಗಿಸಿದಳು. ನೀರು ಬಂತು. ನಿಲ್ಲಿಸಲಿಲ್ಲ, ಅಂಗೈ ಒಡ್ಡಿ ನೋಡುತ್ತ ನಿಂತಳು. ಅವಳ ಮುಖ ನೋಡಿ ನಾನು ಮನಸ್ಸಿನಲ್ಲೇ ಸಹಿ ಹಾಕಿಬಿಟ್ಟೆ.

ಪ್ಲಾಂಟಿನ ಕಡೆಯ ಕಿಟಕಿಗೆ ಮಾತ್ರ ಹಲಗೆ ಹೊಡೆದಿದ್ದರು. "ಶಬ್ದ ಬರಬಾರದು ಅಂತ," ಎಂದು ಹೇಳಿ ಮ್ಯಾನೇಜರು ಫೋನು ಬಂತೆಂದು ಅಂಗಳಕ್ಕೆ ಹೋದರು.

"ಅಪ್ಪಾ, ಇಲ್ನೋಡು! ನನ್ ಕೊಕ್ಕೆ!"

ಪುಟ್ಟಿ ಮಲಗುವ ಕೋಣೆಯ ಬಾಗಿಲ ಹಿಂದೆ ನಿಂತಿದ್ದಳು. ತನ್ನ ನೀರಿನ ಬಾಟಲಿಯನ್ನು ಅಲ್ಲಿ ನೇತುಹಾಕಿ ಕುಣಿಯುತ್ತಿದ್ದಳು. ಬಾಗಿಲಿಗೆ ಮೂರು ಕೊಕ್ಕೆಗಳಿದ್ದವು. ಒಂದು ನನ್ನ ಭುಜದ ಎತ್ತರಕ್ಕೆ. ಒಂದು ಅದಕ್ಕಿಂತ ಗೇಣು ಕೆಳಗೆ. ಮೂರನೆಯದು ಪುಟ್ಟಿಯ ಭುಜಕ್ಕೆ ಸರಿಯಾಗಿ.

ನಾನು ಆ ಮೂರನೆಯ ಕೊಕ್ಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದೆ.

ಓದುವವರಿಗೆ ಇದು ತಿಳಿಯಬೇಕಾದರೆ ನಮ್ಮ ಕೆಲಸದ ಒಂದು ಪದ್ಧತಿ ಹೇಳಬೇಕು. ಕಂಪ್ರೆಸರ್ ರೂಮಿನ ಬಾಗಿಲ ಹಿಂದೆ ಕೊಕ್ಕೆಗಳಿರುತ್ತವೆ, ಪಾಳಿಯಲ್ಲಿ ಎಷ್ಟು ಜನವೋ ಅಷ್ಟು. ಪ್ರತಿ ಕೊಕ್ಕೆಗೆ ಒಂದು ಒದ್ದೆ ಟವೆಲು. ಕೆಳಗೆ ಒಂದು ಬಕೆಟ್ಟು ನೀರು. ನೀರು ಅಮೋನಿಯಾವನ್ನು ಹೀರಿಕೊಳ್ಳುತ್ತದೆ. ಗ್ಯಾಸು ನುಗ್ಗಿದರೆ ಟವೆಲು ಮುಖಕ್ಕೆ ಒತ್ತಿಕೊಂಡು ಓಡಬೇಕು. ಆಗ ಕಣ್ಣು ಕಾಣುವುದಿಲ್ಲ, ಹುಡುಕಲು ಹೊತ್ತಿರುವುದಿಲ್ಲ. ಅದಕ್ಕೆ ಹೊಸಬನೊಬ್ಬ ಕೆಲಸಕ್ಕೆ ಸೇರಿದ ದಿನ ಅವನನ್ನು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಿಸುತ್ತೇವೆ. ಹಳಬನೊಬ್ಬ ಅವನ ಭುಜದ ಮಟ್ಟಕ್ಕೆ ಗುರುತು ಮಾಡಿ ಕೊಕ್ಕೆ ಹೊಡೆಯುತ್ತಾನೆ. ಕುರುಡಾಗಿ ಕೈ ಚಾಚಿದರೂ ಸಿಗಬೇಕು.

ಇಲ್ಲಿ ಯಾರೋ ಅದನ್ನು ಮನೆಯ ಬಾಗಿಲಿಗೆ ಹೊಡೆದಿದ್ದರು. ಒಂದು ಮಗುವನ್ನು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಿಸಿದ್ದರು.

ನೆಲ ನೋಡಿದೆ. ಸಿಮೆಂಟಿನ ಮೇಲೆ ದುಂಡಗಿನ ತುಕ್ಕಿನ ಕಲೆ, ಬಕೆಟ್ಟಿನ ಅಗಲದ್ದು. ಓಡಿ ಇನ್ನೊಂದು ಕೋಣೆಯ ಬಾಗಿಲ ಹಿಂದೆ ನೋಡಿದೆ. ಮೂರು ಕೊಕ್ಕೆ. ಅಡುಗೆಮನೆಯಲ್ಲಿಯೂ ಮೂರು. ಎಲ್ಲದಕ್ಕೂ ಹಸಿರು ಪೇಂಟು ಬಳಿದಿದ್ದರು, ಕೀಳುವ ಶ್ರಮ ಮಾತ್ರ ತೆಗೆದುಕೊಂಡಿರಲಿಲ್ಲ.

"ಏನ್ರೀ ಹಾಗೆ ಓಡಾಡ್ತಿದ್ದೀರಿ?" ಹೆಂಡತಿ ನಲ್ಲಿ ನಿಲ್ಲಿಸಿ ನಗುತ್ತ ಬಂದಳು. "ಒಂದು ತಮಾಷೆ ಹೇಳ್ಲಾ? ಈ ಮನೆಗೆ ಆಗ್ಲೇ ನಿಮ್ಮ ವಾಸನೆ ಹತ್ತಿಬಿಟ್ಟಿದೆ. ಪೇಂಟಿನ ವಾಸನೆ ನಡುವೇನೂ ನಿಮ್ಮಂಗಿ ವಾಸನೆ ಬರ್ತಿದೆ."

"ಅಪ್ಪ ಇವತ್ತು ಎಂಟು!" ಎಂದು ಪುಟ್ಟಿ ಕೂಗಿದಳು.

ನಾನು ನನ್ನ ಅಂಗಿ ನೋಡಿಕೊಂಡೆ. ಭಾವಮೈದನ ಹೊಸ ಅಂಗಿ. ಹೊರಡುವಾಗಷ್ಟೇ ಮಡಿಕೆ ಬಿಚ್ಚಿದ ಅಂಗಿ. ಅದು ಯಾವ ಪ್ಲಾಂಟಿನ ಗಾಳಿಯನ್ನೂ ಕಂಡಿರಲಿಲ್ಲ.

ಜೇಬಿನಲ್ಲಿ ಗಂಧಕದ ಕಡ್ಡಿ ಇತ್ತು, ಅಭ್ಯಾಸ. ಬೆಂಕಿಕಡ್ಡಿ ಗೀರುವಾಗ ಎರಡು ಮುರಿದವು. ಮೂರನೆಯದರಲ್ಲಿ ಹತ್ತಿತು. ಅಡುಗೆಮನೆಯ ಗೋಡೆಯ ಉದ್ದಕ್ಕೂ ಹಿಡಿದುಕೊಂಡು ನಡೆದೆ. ನೀಲಿ ಉರಿ. ನೀಲಿ ಉರಿ. ಒಲೆ ಇಡುವ ಕಟ್ಟೆಯ ಹಿಂದೆ ಹೊಸದಾಗಿ ಸಿಮೆಂಟು ಮೆತ್ತಿದ್ದ ಕಡೆ ಕೂದಲೆಳೆಯಷ್ಟು ಬಿರುಕು ಇತ್ತು. ಅಲ್ಲಿ ಹಿಡಿದ ಕೂಡಲೇ ಬಿಳಿ ಹೊಗೆ ಎದ್ದಿತು. ಹಿಂಜಿದ ಹತ್ತಿಯಂತೆ ಅದು ಮೆಲ್ಲಗೆ ನನ್ನ ಮುಖದ ಕಡೆಗೆ ಬಂತು. ನನಗೆ ಏನೂ ವಾಸನೆ ಬರಲಿಲ್ಲ.

"ಅಯ್ಯೋ, ಹೊಸ ಪೇಂಟು ಮಸಿಯಾಗುತ್ತಲ್ರೀ," ಎಂದು ಮ್ಯಾನೇಜರು ಬಾಗಿಲಲ್ಲಿ ನಿಂತು ಹೇಳಿದರು. ಅವರು ಹೊಗೆ ನೋಡಿದರು. ಬೆಚ್ಚಿಬೀಳಲಿಲ್ಲ. ನನಗೆ ಅತಿ ಹೆಚ್ಚು ಹೆದರಿಕೆಯಾದದ್ದು ಅದಕ್ಕೆ.

"ಸಾರ್, ಸೋರಿಕೆ ಇದೆ."

"ಸ್ವಲ್ಪ ಇರುತ್ತೆ. ಹಳೇ ಲೈನು. ಬಿಗಿ ಮಾಡಿದ್ರೆ ಹೋಗುತ್ತೆ. ಅದಕ್ಕೇ ತಾನೇ ನಿಮ್ಮನ್ನ ಕರೆಸಿದ್ದು?"

"ಇಲ್ಲಿ ಮೊದಲು ಇದ್ದ ಆಪರೇಟರು ಎಲ್ಲಿ ಸಾರ್?"

"ಬಿಟ್ಟು ಹೋದರು."

"ಮೂರು ಜನಾನೂ?"

ಮ್ಯಾನೇಜರು ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸತೊಡಗಿದರು. ಒಂದು ಗಾಜು ಒರೆಸಿದರು. ಇನ್ನೊಂದು ಒರೆಸಿದರು. ಮತ್ತೆ ಮೊದಲನೆಯದನ್ನು ಒರೆಸಿದರು.

"ಕುಟುಂಬ ಸಮೇತವೇ ಬರಬೇಕು ಅಂತ ಯಾಕೆ ಸಾರ್?"

ಈ ಪ್ರಶ್ನೆ ಅವರಿಗೆ ಸುಲಭವಾಗಿತ್ತು. ಕನ್ನಡಕ ಮೂಗಿಗೇರಿಸಿ ನೆಮ್ಮದಿಯಿಂದ ಹೇಳಿದರು: "ನೋಡಿ, ಮೊದಲು ಒಂಟಿ ಗಂಡಸರನ್ನ ಇಟ್ಕೊಂಡಿದ್ವಿ. ಕುಡೀತಾರೆ, ನಿದ್ದೆ ಹೊಡೀತಾರೆ, ವಾಲ್ವ್ ಮರೀತಾರೆ. ಅವರನ್ನ ಕಾಯೋಕೆ ಇನ್ನೊಬ್ಬ, ಅವನನ್ನ ಕಾಯೋಕೆ ಮತ್ತೊಬ್ಬ. ಈಗ ಆ ತಾಪತ್ರಯವೇ ಇಲ್ಲ. ಹೆಂಡ್ತಿ ಮಕ್ಕಳು ಗೋಡೆ ಆಚೆ ಇದ್ದಾರೆ ಅಂದ್ರೆ ಯಾವ ಆಪರೇಟರೂ ಕಣ್ಣು ಮುಚ್ಚಲ್ಲ. ಏನಾದ್ರೂ ಆದ್ರೆ ಅವರೇ ಮೊದಲು ಕೂಗ್ತಾರೆ. ಅದಕ್ಕೇ ಎರಡರಷ್ಟು ಸಂಬಳ. ನೀವೇ ಹೇಳಿ, ತಪ್ಪಾ?"

ಎರಡರಷ್ಟಾದದ್ದು ಹೀಗೆ. ಒಂದು ಪಾಲು ನನ್ನ ಕೆಲಸಕ್ಕೆ. ಇನ್ನೊಂದು ಪಾಲು, ನನ್ನ ಹೆಂಡತಿಯ ಕಣ್ಣಿಗೆ, ನನ್ನ ಮಗಳ ಗಂಟಲಿಗೆ. ಆ ಮನುಷ್ಯನ ಕುತ್ತಿಗೆಗೆ ಕೈ ಹಾಕಬೇಕೆನಿಸಿತು. ಆದರೆ ಕೈ ಏಳಲಿಲ್ಲ. ಅವರು ಹೇಳಿದ್ದರಲ್ಲಿ ನಾನು ಮನೆಯಲ್ಲೇ ಯೋಚಿಸದಿದ್ದ ಒಂದು ಮಾತೂ ಇರಲಿಲ್ಲ. ಗೋಡೆಯ ಆಚೆ ಇಬ್ಬರು, ಒಬ್ಬಳು ಕೂಗುತ್ತಾಳೆ, ಇನ್ನೊಬ್ಬಳು ಕೆಮ್ಮುತ್ತಾಳೆ. ಮ್ಯಾನೇಜರು ಬಾಯಿ ಬಿಡುವ ಮೊದಲೇ ನಾನು ನನ್ನ ಹೆಂಡತಿ ಮಗಳನ್ನು ಅಲ್ಲಿ ನಿಲ್ಲಿಸಿ ಆಗಿತ್ತು.

"ಇನ್ನೂ ಸ್ವಲ್ಪ ಸೇರಿಸೋಣ ಬೇಕಾದ್ರೆ," ಎಂದರು ಮ್ಯಾನೇಜರು.

ಸುಳ್ಳು ಹೇಳುವುದಿಲ್ಲ. ಒಂದು ಕ್ಷಣ, ಎಷ್ಟು ಎಂದು ಕೇಳಲು ನನ್ನ ಬಾಯಿ ತೆರೆಯಿತು. ನಲ್ಲಿಯ ಕೆಳಗೆ ಒಡ್ಡಿದ ಆ ಅಂಗೈ ನೆನಪಾಯಿತು. ಬಿರುಕು ಮುಚ್ಚಬಹುದು, ಜಾಯಿಂಟು ಬದಲಿಸಬಹುದು, ನಾನು ಎಚ್ಚರವಾಗಿರಬಹುದು.

"ಅಪ್ಪಾ, ಕಣ್ಣು ಉರೀತಿದೆ," ಎಂದು ಪುಟ್ಟಿ ಬಾಗಿಲ ಹಿಂದಿನಿಂದ ಹೇಳಿದಳು.

"ನನಗೆ ವಾಸನೆ ಬರಲ್ಲ," ಎಂದೆ. ಹೆಂಡತಿಯ ಕಡೆ ತಿರುಗಿ ಹೇಳಿದೆ. "ಎರಡು ವರ್ಷ ಆಯ್ತು. ಏನೂ ಬರಲ್ಲ. ಇಲ್ಲಿ ಗ್ಯಾಸು ತುಂಬಿದ್ರೂ ನನಗೆ ಗೊತ್ತಾಗಲ್ಲ."

ಅವಳು ನನ್ನನ್ನೇ ನೋಡಿದಳು. "ಆವತ್ತು ಸ್ಟೌವಿನ ಗ್ಯಾಸು ಸೋರಿ ನಾನು ಮೆಟ್ಟಿಲಿಂದಲೇ ಕಿರುಚಿಕೊಂಡು ಬಂದಾಗ, ನೀವು ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರಿ."

"ಹೂಂ."

"ಇವಳ ಹತ್ರ ಅಂಕ ಕೇಳ್ತಿದ್ದದ್ದು?"

"ಆಟ ಅಲ್ಲ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಹೋಗಿ ಆ ಕೆಳಗಿನ ಕೊಕ್ಕೆಯಿಂದ ಬಾಟಲಿ ತೆಗೆದು ಮಗಳ ಕೊರಳಿಗೆ ಹಾಕಿದಳು, ನೀರು ಚಿಮುಕಿಸಿ ಅವಳ ಕಣ್ಣು ತೊಳೆದಳು. ಆಮೇಲೆ ಮ್ಯಾನೇಜರ ಎದುರು ನಿಂತಳು.

"ಸಾರ್, ನಿಮ್ಮ ಮಕ್ಕಳು ಎಲ್ಲಿರ್ತಾರೆ?"

"ನಮ್ಮ ಮನೆ... ಆ ಕಡೆ, ಗುಡ್ಡದ ಮೇಲೆ. ಯಾಕಮ್ಮಾ?"

"ಗಾಳಿ ಎತ್ತ ಬೀಸುತ್ತೆ ಅಂತ ನೋಡ್ಕೊಂಡೇ ಮನೆ ಮಾಡಿದ್ದೀರಿ ಅನ್ನಿ," ಎಂದಳು. "ಬನ್ರೀ, ಹೋಗೋಣ."

ಅಂಗಳ ದಾಟುವಾಗ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದಿದ್ದಳು. ತಿರುಗದೆಯೇ ಕೇಳಿದಳು: "ನಾಳೆ ನಿಮ್ಮ ಪ್ಲಾಂಟಿನಲ್ಲಿ ಮೂಗಿನ ವಿಷಯ ನೀವು ಹೇಳ್ತೀರೋ, ನಾನು ಹೇಳ್ಲೋ?"

"ಹೇಳಿದ್ರೆ ಮನೆಗೆ ಕಳಿಸ್ತಾರೆ ಕಣೇ. ಇದೂ ಇಲ್ಲ, ಅದೂ ಇಲ್ಲ ಅಂತಾಗುತ್ತೆ."

"ಹೇಳದೆ ಇದ್ರೆ? ಅಲ್ಲಿ ಮೀನು ಪ್ಯಾಕಿಂಗಿಗೆ ಕೂರೋ ಮೂವತ್ತು ಹೆಂಗಸರನ್ನ ಎಲ್ಲಿಗೆ ಕಳಿಸ್ತೀರಿ?"

ಸ್ವಲ್ಪ ದೂರ ನಡೆದ ಮೇಲೆ, "ನಾನೇ ಹೇಳ್ತೀನಿ," ಎಂದೆ. ನಾಳಿದ್ದಿನ ಒಲೆ, ಮಗಳ ಶಾಲೆ, ಚೀಲಗಳ ರಾಶಿಯ ಮುಂದೆ ಅವಳ ಬಗ್ಗಿದ ಬೆನ್ನು, ಎಲ್ಲವೂ ಒಟ್ಟಿಗೆ ಕಣ್ಣೆದುರು ಬಂದವು.

ಗೇಟಿನ ಬಳಿ ಕಲ್ಲುಬೆಂಚಿನ ಮೇಲೆ ಇನ್ನೊಂದು ಕುಟುಂಬ ಕೂತಿತ್ತು. ಗಂಡ, ಹೆಂಡತಿ, ಅವಳ ತೊಡೆಯ ಮೇಲೆ ನಾಲ್ಕು ವರ್ಷದ ಮಗು. ಗಂಡಸಿನ ಹೆಬ್ಬೆರಳು ತೋರುಬೆರಳುಗಳ ಮೇಲೆ ಗಂಧಕದ ಕಡ್ಡಿ ಸುಟ್ಟ ಹಳೆಯ ಗುರುತುಗಳಿದ್ದವು. ನಮ್ಮ ಕೆಲಸದವನೇ.

"ಏನಣ್ಣಾ, ಒಪ್ಪಿಕೊಂಡ್ರಾ? ನಮಗೇನಾದ್ರೂ ಉಳಿಸಿದ್ದೀರಾ?" ಎಂದು ನಗಲು ನೋಡಿದ.

ಸುಮ್ಮನೆ ದಾಟಿ ಹೋಗಬಹುದಿತ್ತು. ಅವನ ಎದುರು ಕುಕ್ಕರುಗಾಲಲ್ಲಿ ಕೂತೆ. "ತಮ್ಮಾ, ಅಡುಗೆಮನೆ ಕಟ್ಟೆ ಹಿಂದೆ ಕಡ್ಡಿ ಹಚ್ಚಿ ನೋಡು. ಅದಕ್ಕೂ ಮೊದಲು ಬಾಗಿಲುಗಳ ಹಿಂದೆ ನೋಡು. ಕೊಕ್ಕೆ ಇವೆ. ಮನೆ ಬಾಗಿಲಿಗೆ. ಮೂರು. ಒಂದು ಇಷ್ಟೆತ್ತರದ್ದು," ಎಂದು ಪುಟ್ಟಿಯ ಭುಜ ಮುಟ್ಟಿ ತೋರಿಸಿದೆ.

ಅವನಿಗೆ ಬೇರೇನೂ ವಿವರಿಸಬೇಕಾಗಿರಲಿಲ್ಲ. ಮುಖ ಬಿಳಿಚಿತು. ತನ್ನ ಮಗುವಿನ ಭುಜದ ಕಡೆ ನೋಡಿದ. "ನಮ್ಮಲ್ಲಿ ಪ್ಲಾಂಟು ಮುಚ್ಚಿ ಏಳು ತಿಂಗಳಾಯ್ತಣ್ಣಾ," ಎಂದ ಕೊನೆಗೆ. "ಕಡ್ಡಿ ಇದೆಯಾ?"

ಜೇಬಿನಲ್ಲಿ ಉಳಿದಿದ್ದವನ್ನೆಲ್ಲ ಅವನ ಕೈಗೆ ಹಾಕಿದೆ.

"ಮುಂದಿನವರು ಬನ್ನಿ, ಬನ್ನಿ! ಎಲ್ಲರೂ ಬರಬೇಕು," ಎಂದು ವಾಚ್‌ಮನ್ ಕೂಗಿದ. ಗಂಡ ಎದ್ದ. ಹೆಂಡತಿ ಏಳಲಿಲ್ಲ. ಮಗುವನ್ನು ಎದೆಗವಚಿಕೊಂಡು ಕಲ್ಲಿನಂತೆ ಕೂತಳು.

"ಏನಮ್ಮಾ, ನಿಮಗೇ ಹೇಳ್ತಿರೋದು. ಒಬ್ಬರನ್ನೇ ಬಿಡೋ ಹಾಗಿಲ್ಲ."

"ನಾನು ಬರಲ್ಲ," ಎಂದಳು. "ಇವರು ನೋಡ್ಕೊಂಡು ಬರಲಿ. ನಾನೂ ಮಗೂನೂ ಒಳಗೆ ಬರಲ್ಲ. ಮ್ಯಾನೇಜರೇ ಬೇಕಾದ್ರೆ ಇಲ್ಲಿಗೆ ಬರಲಿ."

"ಅದೆಲ್ಲ ಆಗಲ್ಲಮ್ಮ, ಏಳಿ ಏಳಿ!"

ನನ್ನ ಹೆಂಡತಿ ಅಷ್ಟು ಹೊತ್ತಿಗೆ ಗೇಟಿನ ಹೊರಗೆ ಒಂದು ಕಾಲಿಟ್ಟಿದ್ದಳು. ನಮ್ಮ ರೈಲಿಗೆ ಹೊತ್ತಾಗುತ್ತಿತ್ತು. ಅವಳು ತಿರುಗಿ ಬಂದು, ಚೀಲ ಕೆಳಗಿಟ್ಟು, ಆ ಹೆಂಗಸಿನ ಪಕ್ಕ ಕೂತಳು. "ಸ್ವಲ್ಪ ಆ ಕಡೆ ಸರೀಮ್ಮಾ," ಎಂದಳಷ್ಟೆ.

ವಾಚ್‌ಮನ್ ಬೈಯುತ್ತ ಮ್ಯಾನೇಜರನ್ನು ಕರೆಯಲು ಓಡಿದ. ಗೋಡೆಯ ಆಚೆ ಕಂಪ್ರೆಸರ್ ಶುರುವಾಯಿತು, ನೆಲ ಸಣ್ಣಗೆ ನಡುಗಿತು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಪುಟ್ಟಿಯ ಕಡೆ ತಿರುಗಿದೆ. ಎಷ್ಟು ಎಂದು ಕೇಳಲು ತುಟಿ ತೆರೆದಿತ್ತು.

ಕೇಳಲಿಲ್ಲ. ಅವಳ ಬಾಟಲಿಯ ನೀರಿನಲ್ಲಿ ನನ್ನ ಕರವಸ್ತ್ರ ನೆನೆಸಿ, ಹಿಂಡದೆ, ಅವಳ ಕೈಗೆ ಕೊಟ್ಟೆ. ಆಮೇಲೆ ಬೆಂಚಿನ ತುದಿಯಲ್ಲಿ ಉಳಿದಿದ್ದ ಜಾಗದಲ್ಲಿ ನಾನೂ ಕೂತೆ.